ಮಾವನ ಜಡೆ ಮಫ್ಲರು

ನಮ್ಮ ಸೋದರಮಾವನ ಕೈಗೆ ಸಿಕ್ಕಿದ್ದರೆ ಪೀಣ್ಯದ ಕರೆಂಟು ತಂತಿಗಳೂ ಎರಡೇ ದಿನದಲ್ಲಿ ಜಡೆಯಾಗಿ ನೇತಾಡುತ್ತಿದ್ದವು! ಉತ್ಪ್ರೇಕ್ಷೆ ಎನ್ನಬೇಡಿ. ಅವನ ಜೊತೆ ಒಂದೇ ಸೂರಿನಡಿ ಬಾಳಿದವಳು ನಾನು.

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಆಸರೆಯಾಗಿ ರಾಜಗೋಪಾಲನಗರದ ನಮ್ಮ ಮನೆಗೆ ಬಂದವನು ಅಲ್ಲೇ ಉಳಿದ. ಮದುವೆಯಾಗಲಿಲ್ಲ. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮೆಷೀನು ಓಡಿಸುತ್ತಿದ್ದ. ಆರಡಿ ಎತ್ತರ, ಹೆಗಲಷ್ಟೇ ಅಗಲವಾದ ಮೀಸೆ. ಬೀದಿಯ ನಾಯಿಗಳು ಅವನನ್ನು ಕಂಡರೆ ದಾರಿ ಬಿಡುತ್ತಿದ್ದವು. ಇಂಥವನು ಉಲ್ಲನ್ ಹೆಣೆಯುತ್ತಾನೆಂದರೆ ಯಾರು ನಂಬುತ್ತಾರೆ?

ಎಲ್ಲಕ್ಕೂ ಕಾರಣ ಬೀಡಿ. ಡಾಕ್ಟರು ಬಿಡು ಎಂದರು, ಮಾವ ಬಿಟ್ಟ. ಆದರೆ ಕೈ ಸುಮ್ಮನಿರಬೇಕಲ್ಲ? ಗೋಡೆಯ ಸುಣ್ಣ ಕೆರೆಯಿತು, ಕ್ಯಾಲೆಂಡರಿನಲ್ಲಿ ಇನ್ನೂ ಬಾರದ ತಿಂಗಳುಗಳನ್ನು ಹರಿಯಿತು, ಮಂಚದ ಬೋಲ್ಟುಗಳನ್ನು ಬಿಚ್ಚಿತು. ಮಂಚ ಕುಸಿದಾಗ ಅದರ ಮೇಲೆ ಅಮ್ಮ ಇದ್ದಳು! ಕೊನೆಗೆ ನಮ್ಮ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಕೊಡಗಿನ ಟೀಚರಮ್ಮನ ಬಾಗಿಲಿನ ಚಿಲಕಕ್ಕೂ ಕೈ ಹೋಯಿತು. ಒಳಗೆ ಕೂತು ಸ್ವೆಟರ್ ಹೆಣೆಯುತ್ತಿದ್ದ ಅವರು ಎದ್ದು ಬಂದು, "ಅಣ್ಣ, ಚಿಲಕ ಬಿಡಿ. ಬೇಕಿದ್ರೆ ಇದನ್ನ ಹಿಡ್ಕೊಳ್ಳಿ" ಎಂದು ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಕೊಟ್ಟರು. ಪಾಪ, ತಮಾಷೆಗೆ ಕೊಟ್ಟದ್ದು!

ಒಂದು ವಾರದಲ್ಲಿ ಮಾವ ಟೀಚರಮ್ಮನ ಕಡ್ಡಿಗಳನ್ನೇ ತಿರಸ್ಕರಿಸಿದ. "ಒಂದರ ದಪ್ಪ ಇನ್ನೊಂದಕ್ಕಿಲ್ಲ, ಟೀಚರಮ್ಮ. ಇದ್ರಲ್ಲಿ ಎಂಗೆ ಕೆಲ್ಸ ಮಾಡ್ತೀರಿ?" ಎಂದು ಅವರನ್ನೇ ಗದರಿ, ವರ್ಕ್‌ಶಾಪಿನಲ್ಲಿ ಚೂರು ಕಬ್ಬಿಣ ಹುಡುಕಿ ಲೇತಿನಲ್ಲಿ ತನ್ನದೇ ಕಡ್ಡಿ ಕಡೆಯತೊಡಗಿದ. ಸೂಪರ್‌ವೈಸರು ಹಿಂದೆ ಬಂದು ನಿಂತರು.

"ಏನ್ರೀ ಇದು? ಡ್ರಾಯಿಂಗಲ್ಲಿ ಇಲ್ವಲ್ಲ?"

"ಇದು ನಮ್ಮನೆ ಡ್ರಾಯಿಂಗು ಸಾರ್."

ಸೂಪರ್‌ವೈಸರು ಬೈಯಲಿಲ್ಲವಂತೆ. ತಮ್ಮ ಹೆಂಡತಿಗೂ ಒಂದು ಜೊತೆ ಮಾಡಿಸಿಕೊಂಡರಂತೆ!

ಸಾದಾ ಹೆಣಿಗೆ ಮಾವನಿಗೆ ಬೇಗ ಬೇಸರವಾಯಿತು. ಟೀಚರಮ್ಮನ ಹಳೆಯ ಮಫ್ಲರಿನ ಮೇಲೆ ಜಡೆ ಹಾಕಿದಂತೆ ಉಬ್ಬಿ ತಿರುಚಿಕೊಂಡಿದ್ದ ಸಾಲುಗಳನ್ನು ನೋಡಿ ಮರುಳಾದ. ಉಪಾಯ ಇಷ್ಟೇ. ನಾಲ್ಕು ಕುಣಿಕೆಗಳಲ್ಲಿ ಎರಡನ್ನು ಮೂರನೆಯ ಗಿಡ್ಡ ಕಡ್ಡಿಗೆ ಎತ್ತಿ ಪಕ್ಕಕ್ಕಿಡಬೇಕು, ಉಳಿದ ಎರಡನ್ನು ಮೊದಲು ಹೆಣೆಯಬೇಕು, ಆಮೇಲೆ ಎತ್ತಿಟ್ಟವನ್ನು ಕರೆದುಕೊಳ್ಳಬೇಕು. ಒಂದರ ಮೇಲೊಂದು ದಾಟಿ ಜಡೆ ಮೂಡುತ್ತದೆ. ಗಿಡ್ಡ ಕಡ್ಡಿಗೆ ಸೈಕಲ್ ಚಕ್ರದ ಕಡ್ಡಿ ಬೇಕಾಯಿತು. ಯಾರ ಸೈಕಲ್ಲು? ನನ್ನದೇ!

ದೂರುವ ಹಾಗಿರಲಿಲ್ಲ. ಮಫ್ಲರು ನನಗಾಗಿಯೇ ಇತ್ತು. ರೇಡಿಯೊ ಬಿಡಿಭಾಗ ಜೋಡಿಸುವ ಕಾರ್ಖಾನೆಗೆ ನಾನು ಆಗ ತಾನೇ ಸೇರಿದ್ದೆ, ಬೆಳಗಿನ ಆರರ ಶಿಫ್ಟು. "ಚಳೀಲಿ ಮಗೀನ ಗಂಟ್ಲು ಕಟ್ಕೊಳ್ತದೆ" ಎಂದು ಮಾವ ಶುರು ಮಾಡಿದ. ಚಳಿಗಾಲ ಮುಗಿಯಿತು, ಮಫ್ಲರು ಮುಗಿಯಲಿಲ್ಲ. ಎಲ್ಲೋ ಒಂದು ಕುಣಿಕೆ ತಪ್ಪಿದರೆ ಸಾಕು, ಸರಸರನೆ ಪೂರ್ತಿ ಬಿಚ್ಚಿಬಿಡುವನು.

"ಯಾರಿಗ್ ಕಾಣ್ತದೋ ಅದು?" ಎಂದು ಅಮ್ಮ ಬಾಯಿ ಬಡಿದುಕೊಳ್ಳುವಳು.

"ರಿಜೆಕ್ಟ್ ಆಗಿರೋ ಪೀಸು ನಮ್ ಮಗು ಯಾಕಕ್ಕ ಆಕ್ಕೋಬೇಕು?"

ಬಸ್ಸಿನಲ್ಲೂ ಹೆಣಿಗೆ. ಒಮ್ಮೆ ಉಂಡೆ ಜಾರಿ ಸೀಟುಗಳ ಕೆಳಗೆ ಉರುಳಿತು. ಅದನ್ನು ಹಿಡಿಯಲು ಮಾವ ದಾರ ಎಳೆದ. ಎಳೆದಷ್ಟೂ ಅದು ಓಡಿತು. ಮುಂದಿನ ಸ್ಟಾಪಿನಲ್ಲಿ ಒಬ್ಬರಿಗೂ ಇಳಿಯಲಾಗಲಿಲ್ಲ, ಎಲ್ಲರ ಕಾಲೂ ಕಟ್ಟಿಹೋಗಿತ್ತು! ಕಂಡಕ್ಟರು ಕಿರುಚಿದ: "ಯಾರ್ರೀ ಅದು, ಬಸ್ಸಿಗೇ ಸ್ವೆಟರ್ ಆಕ್ತಿರೋದು?"

ಇಷ್ಟೆಲ್ಲ ನಕ್ಕೆವು. ಆದರೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ಯಾರೂ ನಗಲಿಲ್ಲ. ಮನೆಯ ಹಿರಿಯ ಗಂಡಸು ಮಾವನೇ. ಹೆದರಿಕೆಗೋ ಏನೋ, ಚಾಪೆಯ ತುದಿಯಲ್ಲಿ ಕೂತು ಪಂಚೆಯ ಮರೆಯಲ್ಲಿ ಹೆಣೆಯುತ್ತಿದ್ದ. ಗಂಡಿನ ತಂದೆ ಗಂಟಲು ಸರಿಮಾಡಿಕೊಂಡು ಕೇಳಿದರು:

"ಹುಡುಗಿ ಸ್ವಭಾವ ಹೆಂಗೆ?"

"ಎರಡು ಸೀದಾ, ಎರಡು ಉಲ್ಟಾ" ಎಂದ ಮಾವ, ಕುಣಿಕೆ ಎಣಿಸುತ್ತ, ತಲೆ ಎತ್ತದೆ.

"ಏನಂದ್ರಿ?"

"ಉಲ್ಟಾ ಬಂದಾಗ ಪಕ್ಕಕ್ಕೆ ಎತ್ತಿಡೋದು, ಅಷ್ಟೇ!"

ಅವರು ಕಾಫಿ ಮುಟ್ಟದೆ ಎದ್ದುಹೋದರು. ಅಮ್ಮ ಕಡ್ಡಿ, ಉಲ್ಲನ್, ಅರ್ಧ ಹೆಣೆದ ಮಫ್ಲರು ಎಲ್ಲವನ್ನೂ ಚೀಲ ಸಮೇತ ಬೀದಿಗೆಸೆದಳು. "ನಿನ್ನಿಂದ ನನ್ ಮಗಳ ಬಾಳು ಆಳಾಯ್ತು" ಎಂದಳು. ಅಂದಿನಿಂದ ಮಾವ ಹೆಣೆಯಲಿಲ್ಲ, ಗೋಡೆಯನ್ನೂ ಕೆರೆಯಲಿಲ್ಲ. ಕೆಲಸಕ್ಕೆ ಹೋಗುವನು, ಬರುವನು, ಉಣ್ಣುವನು. ಮನೆ ತುಂಬ ಅಚ್ಚುಕಟ್ಟಾಯಿತು, ಕಾಲಿಡಲು ಬೇಸರವಾಗುವಷ್ಟು.

ಆರು ತಿಂಗಳ ಮೇಲೆ ತುಮಕೂರು ಕಡೆಯಿಂದ ಇನ್ನೊಂದು ಸಂಬಂಧ ಬಂತು. ಮುಂದೆ ನನ್ನ ಗಂಡನಾದವರು ಇವರೇ. ಎಲ್ಲರೂ ಕೂತ ಮೇಲೆ ಅವರ ತಾಯಿ ಸುತ್ತ ನೋಡಿ, "ಹೆಣ್ಣಿನ ಸೋದರಮಾವ ಕಾಣ್ಸೋದಿಲ್ವಲ್ಲ?" ಎಂದರು.

"ಡ್ಯೂಟಿಗೆ ಓಗವ್ನೆ" ಎಂದಳು ಅಮ್ಮ.

ಭಾನುವಾರ ಎಂಥ ಡ್ಯೂಟಿ? ಕಾಫಿ ತರುವ ನೆಪ ಮಾಡಿ ಹಿತ್ತಿಲಿನಿಂದ ಮಾವನನ್ನು ಹುಡುಕಿ ಹೊರಟೆ. ಟೀಚರಮ್ಮ ಎದುರಾದರು. ಏನೂ ಕೇಳದೆ, ಅಂದು ಬೀದಿಯಿಂದ ತಾವು ಎತ್ತಿಟ್ಟುಕೊಂಡಿದ್ದ ಚೀಲವನ್ನು ತಂದು ನನ್ನ ಕೈಗಿಟ್ಟರು.

ಮಾವ ಬಸ್‌ಸ್ಟಾಪಿನ ಕಲ್ಲುಬೆಂಚಿನ ಮೇಲೆ ಕೂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಪಂಚೆ, ಆಗಷ್ಟೇ ತಿದ್ದಿದ ಮೀಸೆ. ನನ್ನ ಶಾಸ್ತ್ರಕ್ಕೆಂದೇ ಸಿಂಗರಿಸಿಕೊಂಡು ಬಂದು ಇಲ್ಲಿ ಕೂತಿದ್ದ! ಎರಡೂ ಕೈಗಳನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡಿದ್ದ.

"ಮಾವ, ಮನೆಗೆ ಬಾ. ನಿನ್ನ ಕೇಳ್ತಾವ್ರೆ."

"ನಾನ್ ಬಂದ್ರೆ ಇದೂ ಕೆಟ್ಟೋಗ್ತದೆ ಕಣವ್ವ. ಅವ್ರು ಓಗ್ಲಿ, ಆಮೇಲೆ ಬತ್ತೀನಿ."

ಚೀಲವನ್ನು ಅವನ ಮಡಿಲಲ್ಲಿಟ್ಟೆ. ಸುಮ್ಮನೆ ನೋಡಿದ, ಮುಟ್ಟಲಿಲ್ಲ.

"ಎಷ್ಟನೇ ಸಾಲಿಗೆ ನಿಂತಿತ್ತು ಮಾವ?"

"ನೂರಾ ಅದಿನೆಂಟು." ಒಂದು ಗಳಿಗೆಯೂ ಯೋಚಿಸಲಿಲ್ಲ ಅವನು. "ಮುಂದಿನ ಸಾಲಲ್ಲಿ ಜಡೆ ತಿರುಗಿಸ್ಬೇಕಿತ್ತು."

ಆರು ತಿಂಗಳು!

"ತಿರುಗ್ಸು ಮತ್ತೆ. ಇಬ್ರೂ ಒಟ್ಟಿಗೆ ಓಗೋಣ."

"ಅವ್ರು ಕಾಯ್ತಿರ್ತಾರಲ್ಲವ್ವ?"

"ಕಾಯ್ಲಿ."

ತೊಡೆಯ ಕೆಳಗಿನಿಂದ ಅವನ ಕೈಗಳು ಮೆಲ್ಲಗೆ ಹೊರಬಂದವು. ನಾನು ರೇಷ್ಮೆ ಸೀರೆಯ ನೆರಿಗೆ ಒತ್ತರಿಸಿಕೊಂಡು ಪಕ್ಕದಲ್ಲಿ ಕೂತು, ಆ ಸಾಲು ಮುಗಿಯುವವರೆಗೂ ಉಲ್ಲನ್ ಉಂಡೆಯನ್ನು ಹಿಡಿದುಕೊಂಡಿದ್ದೆ.