ಸವೆಯದ ಉಂಗುರ

ಲೋಹದ ವಿಚಾರದಲ್ಲಿ ನನಗೆ ತಿಳಿಯದ್ದು ಏನೂ ಇಲ್ಲವೆಂದು ಮದುವೆಯ ದಿನದವರೆಗೂ ನಂಬಿದ್ದೆ. ಅರಸೀಕೆರೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವವನು ನಾನು. ಹಾಗಾಗಿ ಮಾದಿಹಳ್ಳಿಯ ಮಾವನವರು ಚಿನ್ನದ ಉಂಗುರದ ಮಾತೆತ್ತಿದಾಗ ಒಂದು ಉಪನ್ಯಾಸವನ್ನೇ ಕೊಟ್ಟೆ.

"ಚಿನ್ನ ಮೆತ್ತಗಿನ ಲೋಹ, ಮಾವ. ನಾನು ಸ್ಪ್ಯಾನರ್ ಹಿಡಿಯೋನು, ಬೇಗ ಸವೆದುಹೋಗುತ್ತೆ. ಸ್ಟೀಲಾದ್ರೆ ಮೊಮ್ಮಕ್ಕಳ ಕಾಲಕ್ಕೂ ಹಾಗೇ ಇರುತ್ತೆ!"

"ಸ್ಟೀಲಾ? ಲೋಟ, ತಟ್ಟೆ ಮಾಡ್ತಾರಲ್ಲ, ಅದಾ ಅಳಿಯಂದ್ರೇ?"

ಅವರ ಮುಖ ಸಪ್ಪಗಾಯಿತು. ನಾನು ಅದನ್ನೇ ಒಪ್ಪಿಗೆ ಎಂದುಕೊಂಡೆ.

ಹಳೆಯ ಪಂಪಿನ ಶಾಫ್ಟ್ ತುಂಡನ್ನು, ಲೇತ್‌ನಲ್ಲಿ ಲೋಹ ಕಡೆಯುವ ಗೆಳೆಯ ರಂಗನಿಗೆ ಕೊಟ್ಟು ಉಂಗುರ ಮಾಡಲು ಹೇಳಿದೆ. ಶಾಫ್ಟಿಗೆ ಬೇರಿಂಗ್ ಕೂರಿಸುವಾಗ ಇಡುವಷ್ಟೇ ಬಿಗಿ ಇಡು ಎಂದೆ.

"ಏನ್ಲಾ, ಬೆರಳಿಗೆ ಬೇರಿಂಗ್ ಲೆಕ್ಕವಾ?"

"ಬಿಗಿ ಇದ್ರೇನೇ ಬೀಳಲ್ಲ ಕಣೋ!"

ನಿಜಕ್ಕೂ ಬೀಳಲಿಲ್ಲ.

ಹಳೇಬೀಡಿನ ಛತ್ರದಲ್ಲಿ ಮದುವೆ. ಬೆಳಿಗ್ಗೆ ಮಾವನವರು ತಲೆ ತಗ್ಗಿಸಿಕೊಂಡೇ ಆ ಉಂಗುರವನ್ನು ನನ್ನ ಬಲಗೈಗೆ ತೊಡಿಸಿದರು. ಮಧ್ಯಾಹ್ನದ ಹೊತ್ತಿಗೆ ಬೆರಳು ಬದನೆಕಾಯಿಯಾಗಿತ್ತು. ಆಮೇಲೆ ಅರಿಶಿನದ ನೀರಿನಲ್ಲಿ ಉಂಗುರ ಹುಡುಕುವ ಆಟ. ಯಾರಿಗೆ ಸಿಗುತ್ತದೋ ಮನೆಯಲ್ಲಿ ಅವರದ್ದೇ ಮಾತು ನಡೆಯುತ್ತದೆಂದು ನಂಬಿಕೆ. ಗೆದ್ದೇ ಗೆಲ್ಲುತ್ತೇನೆಂದು ಗೆಳೆಯರ ಮುಂದೆ ಕೊಚ್ಚಿಕೊಂಡಿದ್ದೆ.

"ಉಂಗ್ರ ಬಿಚ್ಕೊಡಿ, ನೀರಿಗೆ ಹಾಕ್ಬೇಕು" ಎಂದರು ಹುಡುಗಿಯ ಸೋದರತ್ತೆ.

ಎಳೆದೆ. ತಿರುಗಿಸಿದೆ. ಸೋಪಾಯಿತು, ಹರಳೆಣ್ಣೆಯಾಯಿತು, ಹೋಳಿಗೆಗೆಂದು ಇಟ್ಟಿದ್ದ ತುಪ್ಪವೂ ಆಯಿತು. ಊಟಕ್ಕೆ ಬಂದಿದ್ದ ಅಕ್ಕಸಾಲಿ ಗರಗಸ ತರಿಸಿದ.

"ಚಿನ್ನ ಆಗಿದ್ರೆ ಎಲ್ಡೇ ನಿಮಿಷ ಸ್ವಾಮಿ. ಇದು ನನ್ ಬ್ಲೇಡನ್ನೇ ತಿಂತು!"

"ಬೇರೆ ಯಾರದ್ದಾದ್ರೂ ಉಂಗುರ ಹಾಕಿ" ಎಂದು ಅಂಗಲಾಚಿದೆ.

"ಗಂಡಿನ ಉಂಗ್ರಾನೇ ಆಗ್ಬೇಕು. ಬರ್ದೇ ಇದ್ರೆ ಏನಂತೆ, ಕೈ ಸಮೇತ ಮುಳುಗ್ಸಿ!" ಎಂದು ಸೋದರತ್ತೆ ತೀರ್ಪಿತ್ತರು.

ಹುಡುಕಬೇಕಾದ್ದು ಬಲಗೈಯಿಂದ, ಉಂಗುರ ಇರುವುದೂ ಬಲಗೈಯಲ್ಲೇ! ನನ್ನ ಹೆಂಡತಿ ಸಾವಿತ್ರಿ ನಿಧಾನವಾಗಿ ನೀರಿಗೆ ಕೈಹಾಕಿ ನನ್ನ ಬೆರಳನ್ನು ಹಿಡಿದು ಮೇಲೆತ್ತಿದಳು. ಮೂರು ಸಲವೂ. ಛತ್ರವೆಲ್ಲ ಬಿದ್ದು ಬಿದ್ದು ನಕ್ಕಿತು.

ಮರುದಿನ ಸಂಜೆ ಅರಸೀಕೆರೆಯಲ್ಲಿ, ಹೆಂಡತಿ ಮತ್ತು ಮಾವನವರ ಸಮ್ಮುಖದಲ್ಲಿ, ರಂಗ ಅದನ್ನು ಕಬ್ಬಿಣ ಕೊಯ್ಯುವ ಹ್ಯಾಕ್‌ಸಾದಿಂದ ಕೊಯ್ದ. ಮೊಮ್ಮಕ್ಕಳ ಕಾಲದ ಉಂಗುರ ಒಂದೂವರೆ ದಿನ ಬಾಳಿತು.

ಆಗ ಮಾವನವರು ಜೇಬಿನಿಂದ ಪುಟ್ಟ ಪೊಟ್ಟಣ ತೆಗೆದರು. ಒಳಗೆ ಚಿನ್ನದ ಉಂಗುರ!

"ಮೊದ್ಲೇ ಮಾಡ್ಸಿಟ್ಟಿದ್ದೆ. ನೀವು ಬ್ಯಾಡ ಅಂದ್ರಲ್ಲ ಅಂತ ಈಚೆಗೆ ತೆಗೀಲಿಲ್ಲ."

ನನಗೆ ತುಂಬಾ ನಾಚಿಕೆಯಾಯಿತು. ಕೈಚಾಚಿದೆ. ಬೆರಳಿಗೆ ಬ್ಯಾಂಡೇಜು!

"ಕೊಡಪ್ಪ, ವಾಸಿ ಆಗೋಗಂಟ ನಾನೇ ಇಟ್ಕೊಂಡಿರ್ತೀನಿ" ಎಂದ ಸಾವಿತ್ರಿ ಅದಕ್ಕೆ ನೂಲು ಸುತ್ತಿ ತನ್ನ ಬೆರಳಿಗೆ ಹಾಕಿಕೊಂಡಳು.

ಬೆರಳು ವಾಸಿಯಾಗಿ ಹತ್ತು ವರ್ಷವಾಯಿತು. ನೂಲನ್ನು ನಾಲ್ಕೈದು ಸಲ ಬದಲಾಯಿಸಿದ್ದಾಳೆ. ಉಂಗುರ ಒಂದಿಷ್ಟೂ ಸವೆದಿಲ್ಲ. ವಾಪಸು ಕೇಳೋಣವೆಂದರೆ, ನಾನು ಮೂರಕ್ಕೆ ಮೂರೂ ಸೋತವನು!