ಹೂಪಾತಿಯ ರಜೆ ಅರ್ಜಿ

ಕಚೇರಿಯ ಮುಂದಿನ ಹೂಪಾತಿಯಲ್ಲಿ ಅರವತ್ತೊಂದು ಗಿಡಗಳಿವೆ ಎಂಬುದು ದಾಖಲೆಯಲ್ಲಿರುವ ಸಂಗತಿ. ತಪಾಸಣೆಯ ದಿನ ಅವುಗಳಲ್ಲಿ ಒಂದೂ ಹಾಜರಿರಲಿಲ್ಲ ಎಂಬುದೂ ಈಗ ದಾಖಲೆಯಲ್ಲಿದೆ.

ಡೇಲಿಯಾ, ಲಿಲ್ಲಿ ಮುಂತಾದ ಈ ಗಿಡಗಳು ಹೂ ಮುಗಿದ ಮೇಲೆ ಒಣಗುತ್ತವೆ. ಗೆಡ್ಡೆ ಮಾತ್ರ ಮಣ್ಣೊಳಗಿದ್ದು, ಮೂರು ತಿಂಗಳ ಮೇಲೆ ಮತ್ತೆ ಚಿಗುರುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಹೀಗೆ ನಡೆದಿದ್ದರೂ ಯಾವ ಗಿಡವೂ ಇದಕ್ಕೆ ಲಿಖಿತ ಅನುಮತಿ ಪಡೆದಿರಲಿಲ್ಲ.

"ಗಿಡಗಳೆಲ್ಲಿ?" ಎಂದರು ಸಾಹೇಬರು.

"ಒಳಗಿವೆ ಸಾರ್. ಮಲಗಿವೆ," ಎಂದ ಮಾಲಿ.

"ಕಚೇರಿ ವೇಳೆಯಲ್ಲೇ?"

ಹಿಂದೆ ನಿಂತಿದ್ದ ಸಿಬ್ಬಂದಿಯೆಲ್ಲ ತಲೆ ತಗ್ಗಿಸಿದರು.

ಸಂಜೆಯೊಳಗೆ ಸುತ್ತೋಲೆ ಹೊರಟಿತು: ಗೈರುಹಾಜರಾದ ಗಿಡಗಳು ಏಳು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು, ತಪ್ಪಿದಲ್ಲಿ ಸದರಿ ಜಾಗಕ್ಕೆ ಸಿಮೆಂಟು ಹಾಕಿ ಸಾಹೇಬರ ಕಾರು ನಿಲ್ಲಿಸತಕ್ಕದ್ದು. ಕಾರು ಬಹುಕಾಲದಿಂದ ಬಿಸಿಲಿನಲ್ಲಿ ನಿಲ್ಲುತ್ತಿದ್ದು, ಅದರ ಕಷ್ಟ ನೋಡಿ ಎಲ್ಲರಿಗೂ ಕರುಳು ಚುರುಕ್ಕೆನ್ನುತ್ತಿತ್ತು.

ಮಾಲಿಗೆ ದಾರಿ ತೋರಿಸಿದವರು ಹೆಡ್ ಗುಮಾಸ್ತರು. "ಗಿಡಗಳು ರಜೆ ಮೇಲಿವೆ ಅಂತ ಅರ್ಜಿ ಕೊಟ್ಟುಬಿಡಯ್ಯ, ಮುಗೀತು."

ಮಾಲಿ ಅರ್ಜಿ ತುಂಬಿದ. ಕಾರಣ: ನಿದ್ದೆ. ರಜೆಯಲ್ಲಿರುವಾಗಿನ ವಿಳಾಸ: ಇಲ್ಲೇ, ಒಂದು ಗೇಣು ಕೆಳಗೆ. ಇಷ್ಟು ಸತ್ಯವಾದ ರಜೆ ಅರ್ಜಿ ಆ ಕಚೇರಿಗೆ ಅದುವರೆಗೆ ಬಂದಿರಲಿಲ್ಲ.

"ಆದ್ರೆ ಗಿಡಗಳ ಹೆಸರಲ್ಲಿ ರಜೆ ಜಮೆ ಇಲ್ವಲ್ಲ," ಎಂದರು ಗುಮಾಸ್ತರು. "ನಿನ್ನ ತೊಂಬತ್ತು ದಿನದಲ್ಲಿ ಕಳೀಬೇಕಾಗುತ್ತೆ."

"ಅದು ಮಗಳ ಹೆರಿಗೆಗೆ ಅಂತ ಇಟ್ಕೊಂಡಿದ್ದು ಸಾರ್. ತಾಯಿಲ್ಲದ ಹುಡುಗಿ. ಬರ್ತೀನಿ ಅಂತ ಮಾತು ಕೊಟ್ಟಿದೀನಿ."

"ಮಗಳಿಗೆ ಗಂಡ ಇದಾನೆ, ಅತ್ತೆ ಇದಾರೆ. ಗಿಡಗಳಿಗೆ ಯಾರಿದಾರೆ ಹೇಳು?"

ಮಾಲಿ ಪಾತಿಯನ್ನೊಮ್ಮೆ ನೋಡಿ ಸಹಿ ಹಾಕಿದ.

ಹೀಗೆ ರಜೆ ಮಾಲಿಯ ಹೆಸರಿನಲ್ಲಿ ಮಂಜೂರಾಯಿತು. ಅನುಭವಿಸುವವು ಗಿಡಗಳಾದ್ದರಿಂದ ಮಾಲಿ ಎಂದಿನಂತೆ ಕೆಲಸಕ್ಕೆ ಬರಬೇಕೆಂದೂ ಆದೇಶವಾಯಿತು. ಬರಲಾಗುವುದಿಲ್ಲವೆಂದು ಮಗಳಿಗೆ ಹೇಳಲು ಅವನಿಗೆ ಬಾಯಿ ಬರಲಿಲ್ಲ. ನಲವತ್ತನೆಯ ದಿನ ಆಸ್ಪತ್ರೆಯಿಂದ ಅವಳೇ ಕಚೇರಿಗೆ ಫೋನು ಮಾಡಿದಳು. ಗುಮಾಸ್ತರು ಕಡತ ನೋಡಿ, "ನಿಮ್ಮ ತಂದೆಯವರು ರಜೆಯ ಮೇಲೆ ಹೋಗಿದ್ದಾರಮ್ಮ," ಎಂದು ನಿಜವನ್ನೇ ತಿಳಿಸಿದರು. ಬರುತ್ತಿದ್ದಾನೆಂದುಕೊಂಡು ಅವಳು ಬಾಗಿಲನ್ನೇ ನೋಡುತ್ತಾ ಮಲಗಿದಳು.

ಎಂಬತ್ತೆರಡನೆಯ ದಿನ ಗಿಡಗಳು ಚಿಗುರಿದವು. ರಜೆ ಮುಗಿಯುವ ಮೊದಲೇ ಹಾಜರಾಗಲು ನಿಯಮದಲ್ಲಿ ಅವಕಾಶವಿಲ್ಲದ್ದರಿಂದ ಎಂಟು ದಿನ ಅವುಗಳ ಮೇಲೆ ಗೋಣಿಚೀಲ ಹೊದಿಸಲಾಯಿತು. ಹೊದಿಸಿದವನು ಮಾಲಿಯೇ.

ತೊಂಬತ್ತು ದಿನ ತುಂಬಿದ ಮರುದಿನ ಮಧ್ಯಾಹ್ನ ಸಾಹೇಬರ ಸಮ್ಮುಖದಲ್ಲಿ ಗೋಣಿ ತೆಗೆದು ಹಾಜರಿ ಹಾಕಲಾಯಿತು. ಅರವತ್ತೊಂದೂ ಇದ್ದವು.

"ಯಾಕೋ ಬಿಳಿಚಿಕೊಂಡಿವೆಯಲ್ಲ?" ಎಂದರು ಸಾಹೇಬರು.

"ಮೂರು ತಿಂಗಳು ರಜೆ ಹಾಕಿದ್ರೆ ಯಾರಾದ್ರೂ ಹಾಗೇ ಸಾರ್," ಎಂದರು ಗುಮಾಸ್ತರು. ಎಲ್ಲರೂ ಒಪ್ಪಿದರು.

ಆಗಲೇ ಗೇಟಿನಿಂದ ಮಗಳು ಬಂದಳು, ಕೈಯಲ್ಲಿ ಮಗು. ಅವಳ ಕಣ್ಣು ಕೆಂಪಾಗಿತ್ತು.

"ತೊಂಬತ್ತು ದಿನ ರಜೆ ಹಾಕಿ ಎಲ್ಲಿಗೆ ಹೋಗಿದ್ದೆ ಅಪ್ಪಾ?"

ಮಾಲಿ ಮಣ್ಣನ್ನು ತೋರಿಸಿದ. "ಇಲ್ಲೇ ಕಣಮ್ಮ. ಒಂದು ಗೇಣು ಕೆಳಗೆ."

ಗುಮಾಸ್ತರು ಕಡತ ತೆರೆದು, ವಿಳಾಸ ತಾಳೆಯಾಗುತ್ತದೆ ಎಂದು ಷರಾ ಬರೆದರು. ಮಾಲಿ ಮಗುವಿಗೆ ಕೈಚಾಚಿ, ಗಡಿಯಾರ ನೋಡಿ ಹಿಂದೆಗೆದ. ಊಟದ ಬಿಡುವಿಗೆ ಇನ್ನೂ ಹತ್ತು ನಿಮಿಷವಿತ್ತು. ಮಗಳು ಸೆರಗಿನಿಂದ ಕಣ್ಣೊರೆಸಿಕೊಂಡು, ಪಾತಿಯ ಪಕ್ಕ ನಿಂತು ಕಾದಳು.