ಅತ್ತಿಗೆಯ ಮೇಣದ ಉಪಚಾರ

ನಮ್ಮ ಅತ್ತಿಗೆ ಮರಕ್ಕೆ ಮಾಡುವ ಆರೈಕೆಯಲ್ಲಿ ಕಾಲುಭಾಗವನ್ನು ಮನುಷ್ಯರಿಗೆ ಮಾಡಿದ್ದರೂ ಸಾಕಿತ್ತು, ಇಡೀ ಕುಮಟಾದಲ್ಲಿ ಒಬ್ಬರ ಹಿಮ್ಮಡಿಯೂ ಒಡೆಯುತ್ತಿರಲಿಲ್ಲ!

ಅತ್ತಿಗೆ ಎಂದರೆ ನನ್ನ ಗಂಡನ ಅಕ್ಕ. ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು, ನಮ್ಮ ಜೊತೆಗೇ ಇದ್ದಾರೆ. ನಿವೃತ್ತರಾದ ಹೆಂಗಸರು ಭಜನೆಗೆ ಹೋಗುತ್ತಾರೆ, ಹಪ್ಪಳ ಮಾಡುತ್ತಾರೆ. ಇವರು ಮರ ಕಡೆಯುವ ಲೇಥ್ ತರಿಸಿದರು! ಗಿರಗಿರ ತಿರುಗುವ ಮರಕ್ಕೆ ಉಳಿ ಹಿಡಿದು ಬಟ್ಟಲು, ಬುಗುರಿ ಮಾಡುವ ಯಂತ್ರ. ಅದನ್ನಾದರೂ ಸಹಿಸಿಕೊಂಡೆ. ಸಹಿಸಲಾಗದ್ದು ಅದಕ್ಕೂ ಮೊದಲಿನ ಕೆಲಸ. ಹಸಿ ಮರ ಕಡಿದ ಕೂಡಲೇ ಕೊಯ್ದ ತುದಿಗಳು ಬೇಗ ಒಣಗಿ ಅಲ್ಲಿಂದಲೇ ಬಿರುಕು ಬಿಡುತ್ತವಂತೆ. ಅದಕ್ಕೇ ಎರಡೂ ತುದಿಗೆ ಕರಗಿಸಿದ ಮೇಣ ಬಳಿಯಬೇಕಂತೆ. ಬಳಿಯಲಿ, ಬೇಡ ಎಂದವರು ಯಾರು? ಆದರೆ ಮೇಣ ಕರಗಿಸಲು ನನ್ನ ಹಾಲಿನ ಪಾತ್ರೆಯೇ ಬೇಕೇ?

"ಇವತ್ತು ಕೆನೆ ಭಾರಿ ದಪ್ಪ ಬಂದದೆ," ಎಂದು ಮರುದಿನ ನನ್ನ ಗಂಡ ಚಹಾ ಚಪ್ಪರಿಸಿದರು. ನಾನು ಪಾತ್ರೆ ನೋಡಿ ಕಿರುಚಿದೆ.

"ತೊಳೆದಿದ್ದೆನಲ್ಲೇ!" ಎಂದರು ಅತ್ತಿಗೆ. "ಎಂತ ಆಗೂದಿಲ್ಲ. ಇನ್ನು ಅವನೂ ಒಡೆಯೂದಿಲ್ಲ ಬಿಡು."

ಮಳೆಗಾಲದಲ್ಲಿ ಕರೆಂಟು ಹೋದರೆ ನಮ್ಮ ಮನೆಯಲ್ಲಿ ಒಂದು ಮೇಣದಬತ್ತಿಯೂ ಸಿಗುವುದಿಲ್ಲ. ಹಲಸಿನ ತುಂಡುಗಳು ಮಾತ್ರ ಮಂಚದಡಿ ಮೇಣ ಮೆತ್ತಿಕೊಂಡು ಅಳಿಯಂದಿರ ಹಾಗೆ ಮಲಗಿರುತ್ತವೆ!

ಹೊನ್ನಾವರದಲ್ಲಿ ನನ್ನ ತಮ್ಮನ ಮಗಳ ಮದುವೆ. ದಾರಿಯಲ್ಲಿ ಯಾರೋ ಮರ ಕಡಿಸುತ್ತಿದ್ದರು. "ಕಾರು ನಿಲ್ಸಾ!" ಎಂದು ಅತ್ತಿಗೆ ನನ್ನ ಗಂಡನ ಭುಜ ಹಿಡಿದರು. ಡಿಕ್ಕಿಯಲ್ಲಿ ಅವರ ಹಳೆಯ ಗುಲಾಬಿ ಪೇಂಟಿನ ಡಬ್ಬಿ ಸದಾ ಸಿದ್ಧ. ಮೇಣವಿಲ್ಲದ ಕಡೆ ಪೇಂಟೂ ನಡೆಯುತ್ತದಂತೆ. ರೇಷ್ಮೆ ಸೀರೆ ಎತ್ತಿ ಕಟ್ಟಿ ರಸ್ತೆ ಪಕ್ಕದಲ್ಲೇ ಬಳಿಯಲು ಕೂತರು. ನಾವು ಮುಟ್ಟುವಷ್ಟರಲ್ಲಿ ಧಾರೆ ಮುಗಿದು ಎರಡನೇ ಪಂಕ್ತಿ ಕೂತಿತ್ತು. ಅತ್ತಿಗೆಯ ಕೈ ನೋಡಿ ಬೀಗರು, "ಮನೆಗೆ ಬಣ್ಣ ಹೊಡೆಸ್ತಿದ್ರಾ?" ಎಂದರು. ಮರದ ಮುಹೂರ್ತ ಮೀರಬಾರದು, ನನ್ನ ಸೋದರ ಸೊಸೆಯದು ಮೀರಬಹುದು! ಎಲ್ಲಿಯ ನ್ಯಾಯ?

ಇದೆಲ್ಲ ಏನೂ ಅಲ್ಲ. ಹೊಳನಗದ್ದೆಯಲ್ಲಿ ಅವರ ಬಾಲ್ಯದ ಗೆಳತಿಯ ಗಂಡ ತೀರಿಕೊಂಡರು. ಬೋಟಿನಲ್ಲಿ ದುಡಿದ ಮನುಷ್ಯ. ಚಿತೆಗೆಂದು ಹಿತ್ತಲಿನ ಮಾವಿನ ಮರ ಉರುಳಿಸಿದ್ದರು. ಎಲ್ಲರೂ ಅಳುತ್ತಿದ್ದರೆ ನಮ್ಮ ಅತ್ತಿಗೆ ಹಿತ್ತಲಿಗೆ ಹೋಗಿ ಒಂದು ತುಂಡನ್ನು ಪಕ್ಕಕ್ಕೆ ಉರುಳಿಸಿಕೊಂಡು, ನೆರೆಮನೆಯ ಒಲೆಯಲ್ಲಿ ಮೇಣ ಕರಗಿಸಿ ತಂದು ಬಳಿಯತೊಡಗಿದರು!

"ಎಂತ ಮಾರಾಯ್ತಿ ಇದು? ಹೆಣ ಇನ್ನೂ ಅಂಗಳದಲ್ಲಿ ಅದೆ!" ಎಂದು ಹಿರಿಯರೊಬ್ಬರು ಗದರಿದರು.

"ತಡ ಆದ್ರೆ ಒಡೀತದೆ," ಎಂದರು ಇವರು, ತಲೆಯೆತ್ತದೆ.

ನನಗೆ ಭೂಮಿ ಬಾಯ್ಬಿಡಬಾರದೇ ಎನ್ನಿಸಿತು. ಒಂದು ತಿಂಗಳು ಅವರೊಡನೆ ಮಾತು ಬಿಟ್ಟೆ. ಅವರಿಗೆ ಗೊತ್ತಾಯಿತೋ ಇಲ್ಲವೋ, ಅದೂ ಅನುಮಾನ!

ವರ್ಷಾಂತಿಕ ಕಳೆದ ಮೇಲೆ ಒಂದು ದಿನ ನನ್ನನ್ನು ಬಲವಂತವಾಗಿ ಹೊಳನಗದ್ದೆಗೆ ಕರೆದೊಯ್ದರು. ಚೀಲದಿಂದ ಒಂದು ಬಟ್ಟಲು ತೆಗೆದು ಗೆಳತಿಯ ಮಡಿಲಲ್ಲಿಟ್ಟು, "ನಿಮ್ಮ ಮಾವಿನ ಮರ," ಎಂದರು, ಅಷ್ಟೇ.

ಆಕೆ ಬಟ್ಟಲಿನ ಅಂಚಿನ ಸುತ್ತ ನಿಧಾನವಾಗಿ ಬೆರಳಾಡಿಸಿದರು. "ಎಲ್ಲೂ ಒಡೀಲಿಲ್ವೇ?"

"ಎಲ್ಲೂ ಇಲ್ಲ."

ಆಕೆ ಎದ್ದು ಒಳಗೆ ಹೋದರು. ಬಂದಾಗ ಕೈಯಲ್ಲಿ ಬಾಯಿಕಟ್ಟಿದ ಭರಣಿಯಿತ್ತು. "ಆ ಮರದ್ದೇ ಮಿಡಿ. ಅವರಿಗೆ ಅಂತ ಉಪ್ಪಿನಕಾಯಿ ಹಾಕಿದ್ದು. ಅವರು ಹೋದ ಮೇಲೆ ಬಿಚ್ಚೂಕೆ ಮನಸ್ಸೇ ಬರ್ಲಿಲ್ಲ," ಎಂದು ಬಟ್ಟೆ ಬಿಚ್ಚಿ, ಮಿಡಿಗಳನ್ನು ಬಟ್ಟಲಿಗೆ ಹಾಕಿ, ನಮಗೆ ಗಂಜಿ ಬಡಿಸಿದರು. ತಾವೂ ಬಡಿಸಿಕೊಂಡು ಕೂತರು.

ನಮ್ಮ ಅತ್ತಿಗೆ ತಲೆ ತಗ್ಗಿಸಿ ಗಂಜಿ ಉಣ್ಣುತ್ತಿದ್ದರು. ಕಣ್ಣೊರೆಸಲು ಬಲಗೈ ಎಂಜಲು, ಎಡಗೈಯಲ್ಲಿ ತಟ್ಟೆ. ನಾನು ನನ್ನ ಸೆರಗಿನಿಂದಲೇ ಒರೆಸಿದೆ.